ಅಪ್ಪ ಕಟ್ಟಿದ ಚಾಲ್

ಡಿಜೆ ಗಾಡಿಗಳು ಇನ್ನೂ ನಮ್ಮ ಹಳ್ಳಿಗಳಿಗೆ ಇಳಿದಿರಲಿಲ್ಲ. ಆಗ ಮದುವೆಯೆಂದರೆ ಬ್ಯಾಂಡು. ನಮ್ಮಪ್ಪ ನಿಪ್ಪಾಣಿಯ ಒಂದು ಬ್ಯಾಂಡಿನಲ್ಲಿ ಕೀಬೋರ್ಡ್ ನುಡಿಸುತ್ತಿದ್ದ. ಅವನ ಎಡಗೈ ಒಂದೇ ಸಮನೆ ತಾಳ ಬಡಿಯುತ್ತಿದ್ದರೆ, ಬಲಗೈ ತಾಳಕ್ಕಿಂತ ತುಸು ಮುಂಚೆಯೋ ತಡವಾಗಿಯೋ ಜಿಗಿಯುತ್ತಿತ್ತು. ಮುದುಕರ ಭುಜಗಳೂ ತಾವಾಗಿ ಕುಣಿಯುತ್ತಿದ್ದವು. ಸಿನಿಮಾ ಹಾಡುಗಳ ನಡುವೆ ತಾನೇ ಕಟ್ಟಿದ ಧಾಟಿ, ನಮ್ಮ ಮಾತಿನಲ್ಲಿ ಚಾಲ್, ಸೇರಿಸುವುದು ಅವನ ಹುಚ್ಚು.

ನನಗೆ ಹತ್ತು ವರ್ಷವಾದ ಬೇಸಿಗೆಯಲ್ಲಿ ಅಪ್ಪ ಹೊಸದೊಂದು ಚಾಲ್ ಕಟ್ಟುತ್ತಿದ್ದ. ತಂಬಾಕಿನ ಘಾಟು ತುಂಬಿದ ಮನೆಯಲ್ಲಿ ಅವ್ವ ಬೀಡಿ ಸುತ್ತುತ್ತಿದ್ದಳು. ಅಪ್ಪ ನುಡಿಸಿದ್ದನ್ನು ನಾನು ಗುನುಗಿ ತೋರಿಸಬೇಕು. ತಪ್ಪಿದರೆ ಬೆರಳ ಗೆಣ್ಣಿಗೆ ಪಟ್ಟಿಯ ಏಟು.

“ಹೊರಗ ಬಾಯಿ ಬಿಟ್ಟಿ ಅಂದ್ರ ಚರ್ಮಾ ಸುಲೀತೇನಿ,” ಅನ್ನುತ್ತಿದ್ದ.

ರಜೆಗೆ ಅವ್ವನ ತವರು ಅಂಕಲಿಗೆ ಹೋದೆ. ಅವ್ವನ ತಮ್ಮ ಮಹಾದೇವ ಮಾಮಾ ರಾಯಬಾಗದ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದ. ಮಾವಿನ ಶೀಕರಣಿ ತಿನ್ನುತ್ತ ನಾನು ಅಪ್ಪನ ಚಾಲನ್ನೇ ಗುನುಗಿದೆ.

“ಎಷ್ಟ್ ಚಂದ ಐತಿ. ಪೂರಾ ಹಾಡವ್ವಾ,” ಎಂದ ಮಾಮಾ. ಹೊಗಳಿಕೆಗೆ ಉಬ್ಬಿ ಹಾಡಿದೆ. ಅವನು ಕಲಿಯುವತನಕ ಹಾಡಿದೆ.

ಮುಂದಿನ ವಾರ ಮಂಗಸೂಳಿಯಲ್ಲಿ ನೆಂಟರ ಮದುವೆ. ಅಪ್ಪನ ಬ್ಯಾಂಡು ಮುಂದೆ, ನಾನು ಅವ್ವನ ಜೊತೆ ಹಿಂದೆ. ಮಟಮಟ ಮಧ್ಯಾಹ್ನ ಊರ ಅಗಸಿ ಬಾಗಿಲ ಹತ್ತಿರ ಇನ್ನೊಂದು ಮೆರವಣಿಗೆ ಎದುರಾಯಿತು, ರಾಯಬಾಗದ ಬ್ಯಾಂಡಿನದು. ಮಾಮಾನ ಕ್ಲಾರಿನೆಟ್ಟಿನಲ್ಲಿ ಅಪ್ಪನ ಚಾಲ್ ಬರುತ್ತಿತ್ತು.

ಅಪ್ಪ ಕೀಬೋರ್ಡ್ ಇಟ್ಟಿದ್ದ ಬಂಡಿಯಿಂದ ಹಾರಿದ. ಕ್ಲಾರಿನೆಟ್ ಕಿತ್ತುಕೊಂಡು ಅದರಿಂದಲೇ ಮಾಮಾನ ಮುಖಕ್ಕೆ ಬಡಿದ. ಮತ್ತೆ ಬಡಿದ.

“ಯಾರ್ ಕಲಿಸಿದ್ರು? ಹೇಳ್ಲೇ.”

ಮಾಮಾನ ಕಣ್ಣುಗಳು ಗುಂಪಿನಲ್ಲಿ ನನ್ನನ್ನು ಹುಡುಕಿ ಹಿಡಿದವು. ರಕ್ತ ಉಗುಳಿ ಹೇಳಿದ: “ಯಾರೂ ಇಲ್ಲ. ನಿಮ್ಮನಿ ಕಿಟಕಿ ಕೆಳಗ ನಿಂತ್ ನಾನಽ ಕದ್ದೇನಿ.”

ಅಪ್ಪ ಮತ್ತೆ ಕೈ ಎತ್ತಿದ. ಅಷ್ಟರಲ್ಲಿ ರಾಯಬಾಗದ ಇಬ್ಬರು ಡೋಲಿನವರು ಅವನನ್ನು ಕೆಡವಿದರು. ಒಬ್ಬ ಅವನ ಬಲಗೈಯನ್ನು ಬಂಡಿಯ ಕಬ್ಬಿಣದ ಪಟ್ಟಿಗೆ ಒತ್ತಿ ಹಿಡಿದ. ಇನ್ನೊಬ್ಬ ಡೋಲಿನ ಕೋಲಿನಿಂದ ಬೆರಳುಗಳನ್ನು ಜಜ್ಜಿದ. ಬಿಡಿಸಲು ಹೋದ ಅವ್ವನ ಹಣೆ ಒಡೆಯಿತು. ನನ್ನ ಬಾಯಲ್ಲಿ ಬುಂದಿ ಇತ್ತು. ನುಂಗಲೂ ಆಗಲಿಲ್ಲ, ಉಗುಳಿ ನಿಜ ಹೇಳಲೂ ಆಗಲಿಲ್ಲ.

ಅಪ್ಪನ ಮೂರು ಬೆರಳು ಮತ್ತೆ ಮಡಚಲು ಬರಲಿಲ್ಲ. ಅವನು ತಂಬಾಕಿನ ಗೋದಾಮಿನಲ್ಲಿ ಕಾವಲಿಗೆ ಸೇರಿದ. ಅವ್ವ ತವರಿನ ಹೊಸ್ತಿಲು ತುಳಿಯಲೇ ಇಲ್ಲ. ತನ್ನ ತಾಯಿ ಸತ್ತಾಗಲೂ ಮಣ್ಣು ಹಾಕಿ ಹಾಗೆಯೇ ಹಿಂದಿರುಗಿದಳು.

ಹೋದ ವರ್ಷ ಮಾಮಾ ತೀರಿಕೊಂಡ ಸುದ್ದಿ ಬಂದಾಗ ಅಪ್ಪನಿಗೆ ಎಲ್ಲ ಹೇಳಿದೆ. ಅವನು ಎಡಗೈಯಲ್ಲಿ ಶೇಂಗಾ ಸುಲಿಯುತ್ತಿದ್ದ. ಸುಲಿದ ಕಾಳನ್ನು ಸಿಪ್ಪೆಯ ರಾಶಿಗೇ ಹಾಕಿ ಕೇಳಿದ:

“ಅವನ ಹಲ್ಲು ಎಷ್ಟ್ ಹೋಗಿದ್ದುವು?”

“ಮುಂದಿನವು ನಾಕು. ಆಮ್ಯಾಲೆ ಅವ ಊದಲೇ ಇಲ್ಲಪ್ಪಾ.”

ಆ ಚಾಲ್ ಪೂರ್ತಿ ಗೊತ್ತಿದ್ದವರು ನಾವು ಮೂವರೇ. ಮಾಮಾ ಹೋದ. ನನಗೆ ಮೊದಲ ಸಾಲು ಬಿಟ್ಟು ಏನೂ ನೆನಪಿಲ್ಲ. ಅಪ್ಪ ತನ್ನ ನೆಟ್ಟಗಾದ ಬೆರಳುಗಳನ್ನು ನೋಡುತ್ತ ಹೇಳಿದ:

“ಅವತ್ತ ಅವ ಅದನ್ನ ನನಗಿಂತ ಚಲೋ ಊದಿದ್ದ.”