ಬಾಂದಿನ ಕಲ್ಲು ಬಿಟ್ಟು ಉಳಿದದ್ದೆಲ್ಲ

"ನೋ ಬ್ಯಾಕ್! ನೋ ಬ್ಯಾಕ್!"

ಕಾವಲುಗಾರ ಕೂಗುತ್ತಾ ಓಡಿಬಂದ. ಶ್ರೀಲಂಕಾದ ಪೊಲೊನ್ನರುವದಲ್ಲಿ, ಬಂಡೆಯಲ್ಲಿ ಕೊರೆದ ಬುದ್ಧನ ಮುಂದೆ ನಿಂತು ಸೆಲ್ಫಿಗೆ ಫೋನ್ ಎತ್ತಿದ್ದೆ, ಅಷ್ಟೆ. ಅಲ್ಲಿ ಬುದ್ಧನಿಗೆ ಬೆನ್ನು ಹಾಕಿ ಫೋಟೋ ತೆಗೆದುಕೊಳ್ಳುವಂತಿಲ್ಲ. ಕೈಮುಗಿದು ಸಾರಿ ಕೇಳಿದೆ. ಸರಿಯಾಗಿ ಆಗಲೇ ಊರಿನಿಂದ ಫೋನ್ ಬಂತು.

ಆ ಫೋನಿನ ವಿಷಯ ಬರೆಯಬಾರದು ಅಂದುಕೊಂಡಿದ್ದೆ. ಮೊನ್ನೆ ಮಹಾಲಯ ಅಮಾವಾಸ್ಯೆ ಆದಮೇಲೆ ಬರೆಯದೆ ಇರಲು ಆಗುತ್ತಿಲ್ಲ.

ನನ್ನ ಬಸ್ಸಿನ ಹುಚ್ಚು ನಿಮಗೆ ಗೊತ್ತೇ ಇದೆ. ಮಗಳ ಹಳೇ ಬ್ಯಾಗನ್ನು ಬೆನ್ನಿಗೇರಿಸಿಕೊಂಡು ಎರಡು ವಾರ ಶ್ರೀಲಂಕಾದ ಕೆಂಪು ಬಸ್ಸುಗಳಲ್ಲಿ ಅಲೆದೆ. (ಮುಂದಿನ ಸೀಟು ಭಿಕ್ಷುಗಳಿಗೆ ಮೀಸಲು. ಗೊತ್ತಿಲ್ಲದೆ ಕೂತು ಎದ್ದಿದ್ದೂ ಆಯಿತು.) ಎಲ್ಲಿ ಇಳಿದರೂ ಪಾಳುಬಿದ್ದ ಅರಮನೆ, ಇಟ್ಟಿಗೆಯ ಸ್ತೂಪ, ಸಾಲುಗಂಬ. ಚಪ್ಪಲಿ ಬಿಟ್ಟು ಕಾದ ಮರಳಿನ ಮೇಲೆ ಕುಣಿಯುತ್ತಾ ಎಲ್ಲವನ್ನೂ ನೋಡಿದೆ. ಗದ್ದೆಯ ನಡುವೆ ಒಂದು ಮುರಿದ ಕಂಬ ಇದ್ದರೂ ಅದರ ಸುತ್ತ ಜಾಗ ಬಿಟ್ಟು ಉತ್ತಿದ್ದರು. ಹೊಟ್ಟೆಕಿಚ್ಚಾಯಿತು.

ಬಸ್ಸಿನಲ್ಲಿ ಪಕ್ಕ ಕೂತಿದ್ದ ಮೇಷ್ಟ್ರೊಬ್ಬರು ಕೇಳಿದರು, ನಿಮ್ಮೂರಲ್ಲಿ ಹಳೆಯದು ಏನಿದೆ ಅಂತ. ನಮ್ಮದು ದೇವನಹಳ್ಳಿ ಪಕ್ಕದ ಹಳ್ಳಿ. "ಏರ್‌ಪೋರ್ಟ್ ಇದೆ" ಅಂದೆ. ಇಬ್ಬರೂ ನಕ್ಕೆವು.

ಫೋನಿನಲ್ಲಿದ್ದವನು ಚಿಕ್ಕಪ್ಪನ ಮಗ ಮುನಿರಾಜ. ಇಬ್ಬರಿಗೂ ಸೇರಿದ ಹೊಲಕ್ಕೆ ಕಾಂಪೌಂಡ್ ಹಾಕಿಸುತ್ತಿದ್ದ.

"ಅಣ್ಣಾ, ಜೆಸಿಬಿ ಬಂದೈತೆ. ಮೂಲೇಲಿ ಒಂದಷ್ಟು ಕಲ್ಲವೆ, ಏನ್ಮಾಡ್ಲಿ?"

"ಬಾಂದಿನ ಕಲ್ಲು ಮಾತ್ರ ಮುಟ್ಟಬೇಡ ಕಣೋ. ಅದು ಬಿಟ್ಟು ಉಳಿದಿದ್ದೆಲ್ಲ ಪಾಯಕ್ಕೆ ಹಾಕಿಸ್ಬಿಡು" ಅಂದೆ. ಕಾವಲುಗಾರ ಇನ್ನೂ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದ.

ಬಾಂದಿನ ಕಲ್ಲು ಅಂದರೆ ಸರ್ವೆಯವರು ನೆಟ್ಟ ಗಡಿಕಲ್ಲು. ಜಮೀನಿಗೆ ಬೆಲೆ ಬಂದಮೇಲೆ ನಮ್ಮ ಕಡೆ ಜನ ಅದನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಾರೆ. ಒಂದಡಿ ಆಚೀಚೆ ಆದರೆ ಅಣ್ಣತಮ್ಮಂದಿರು ಕೋರ್ಟು ಹತ್ತುತ್ತಾರೆ. ನಾನೇನು ಬೇರೆಯವನೇ?

ಆದರೆ ಅದೇ ಮೂಲೆಯಲ್ಲಿ ಇನ್ನೊಂದು ಕಲ್ಲಿತ್ತು. ವೀರಗಲ್ಲು. ಎದೆಯೆತ್ತರದ ಚಪ್ಪಡಿ. ಕೆಳಗೆ ಕತ್ತಿ ಹಿಡಿದ ಒಬ್ಬ ಮನುಷ್ಯ, ಅವನ ಹಿಂದೆ ದನಗಳು. ಮೇಲೆ ಅವನನ್ನು ಸ್ವರ್ಗಕ್ಕೆ ಕರೆದೊಯ್ಯುವ ಹೆಂಗಸರು. ನಡುವೆ ಎರಡು ಸಾಲು ಹಳೆಯ ಅಕ್ಷರ. ದನಗಳ್ಳರ ಜೊತೆ ಹೊಡೆದಾಡಿ ಸತ್ತವನು, ನಮ್ಮ ವಂಶದ ಹಿರೀಕ ಅಂತ ಸೋದರತ್ತೆ ಅಕ್ಕಯ್ಯಮ್ಮ ಹೇಳುತ್ತಿದ್ದಳು. ಪ್ರತಿ ಮಹಾಲಯ ಅಮಾವಾಸ್ಯೆಗೆ ನಮ್ಮ ದೇವನಹಳ್ಳಿ ಕಡೆಯ ವಿಜಯಪುರದಿಂದ ಬಸ್ಸು ಹತ್ತಿ ಬಂದು, ಕಲ್ಲು ತೊಳೆದು, ಅರಿಶಿನ ಕುಂಕುಮ ಇಟ್ಟು, ಎಡೆ ಇಡುತ್ತಿದ್ದಳು.

ಫೋನಿನಲ್ಲಿ ಮಾತಾಡುವಾಗ ಅದು ನೆನಪಾಗಲಿಲ್ಲವಾ? ಆಯಿತು. ಮುನಿರಾಜನಿಗೆ ಗೊತ್ತಿರುತ್ತೆ ಬಿಡು ಅಂದುಕೊಂಡೆ. ಅವನು, ಅಣ್ಣ ಪೇಪರ್‌ನಲ್ಲಿ ಬರೆಯೋನು, ಯೋಚನೆ ಮಾಡಿಯೇ ಹೇಳಿರ್ತಾನೆ ಅಂದುಕೊಂಡನಂತೆ.

ವಾಪಸ್ ಬರುವಷ್ಟರಲ್ಲಿ ಗೋಡೆ ಎದ್ದಿತ್ತು. ಬಾಂದಿನ ಕಲ್ಲಿಗೆ ಹೊಸದಾಗಿ ಬಿಳಿ ಪೇಂಟ್ ಬಳಿದಿದ್ದರು. ವೀರಗಲ್ಲು ಇದ್ದ ಕಡೆ ಮಣ್ಣು ಸಮ ಮಾಡಿದ್ದರು.

ಮೇಸ್ತ್ರಿಯನ್ನು ಕೇಳಿದೆ. "ಅಗಲವಾದ ಕಲ್ಲು ಸಾರ್, ಮೂಲೆಗೆ ಚೆನ್ನಾಗಿ ಕೂತ್ಕೊಂತು" ಅಂದ. ಯಾವ ಮೂಲೆಗೆ? "ನಾಕು ಮೂಲೆಗೂ ಕಲ್ಲು ಹಾಕಿದ್ದೀವಿ. ಅದ್ಯಾವುದು ಅಂತ ನೆನಪಿಲ್ಲ."

ನಾಲ್ಕೂ ಮೂಲೆ ಒಡೆಸಬಹುದಿತ್ತು. ಒಡೆಸಿ ನೋಡೋಣ ಅಂತ ಬಾಯಲ್ಲಿ ಅಂದೆ ಕೂಡ. "ಗೋಡೆ ಈಗಿನ್ನೂ ಗಟ್ಟಿಯಾಗ್ತಾ ಐತಣ್ಣ" ಅಂದ ಮುನಿರಾಜ. ನಾನು ಮತ್ತೆ ಆ ಮಾತು ಎತ್ತಲಿಲ್ಲ. ಪರಂಪರೆ ಉಳಿಸಿ ಅಂತ ಇದೇ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ. ನಾಚಿಕೆ ಆಗುತ್ತದೆ.

ಫೋಟೋ ಆದರೂ ಇರಬಹುದು ಅಂತ ಫೋನ್ ಜಾಲಾಡಿದೆ. ಶ್ರೀಲಂಕಾದ ಕಲ್ಲುಗಳೇ ನೂರಾರು. ನಮ್ಮ ಕಲ್ಲಿನದು ಒಂದೂ ಇಲ್ಲ. ಆ ಎರಡು ಸಾಲಿನಲ್ಲಿ ಅವನ ಹೆಸರಿತ್ತೋ ಏನೋ. ಓದಿಸಬೇಕು ಓದಿಸಬೇಕು ಅಂತಲೇ ವರ್ಷಗಳು ಕಳೆದುಹೋದವು.

ಅಮಾವಾಸ್ಯೆ ದಿನ ಅತ್ತೆ ಬಂದಳು. ಒಂದು ಕೈಯಲ್ಲಿ ಸ್ಟೀಲ್ ಡಬ್ಬಿ, ಇನ್ನೊಂದರಲ್ಲಿ ಬಾಳೆ ಎಲೆ. ಮೊದಲೇ ಹೇಳುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ. ಗೇಟು ದಾಟಿ ಮೂಲೆಗೆ ಹೋಗಿ ನಿಂತಳು. ಗೋಡೆಯನ್ನೇ ನೋಡಿದಳು. ಮುನಿರಾಜ ತಲೆ ಬಗ್ಗಿಸಿದ. ನಾನೇ ಹೇಳಿದೆ, ಎಲ್ಲವನ್ನೂ.

ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಡಬ್ಬಿ ಕೆಳಗಿಟ್ಟು ಬಾಳೆ ಎಲೆ ಬಿಚ್ಚಿದಳು. ಎಲೆ ಹಾಸಲು ಬಗ್ಗಿದವಳು ಹಾಗೇ ನಿಂತಳು.

"ಹೋಗ್ಲಿ ಬಿಡಪ್ಪಾ. ಅವನ ಮುಖ ಯಾವ ಕಡೀಕೈತೆ, ಅಷ್ಟು ಹೇಳು. ಎಡೆ ಅತ್ಲಾಗಿಡ್ತೀನಿ" ಅಂದಳು.

ಆ ಕೂಗು ಕೇಳಿದಮೇಲೆ ಪರದೇಶದ ಒಂದು ಕಲ್ಲಿಗೂ ಬೆನ್ನು ತೋರಿಸದ ಹಾಗೆ ನಡೆದುಬಂದವನು ನಾನು, ಈ ಪ್ರಶ್ನೆಗೆ ಯಾವ ಕಡೆ ಕೈ ತೋರಿಸಲಿ?