ಸೂರ್ಯಾಸ್ತಕ್ಕೊಂದು ಕರ್ಚೀಫು

ಪುಟ್ಟೇನಹಳ್ಳಿಯಲ್ಲಿ ನಮ್ಮ ಕೆಳಗಿನ ಮನೆಯಲ್ಲಿದ್ದ ಅಂಕಲ್‌ಗೆ ಜಗತ್ತೆಂದರೆ ಒಂದು ದೊಡ್ಡ ಸಿಟಿ ಬಸ್ಸು. ಕೆರೆ ದಂಡೆಯ ಬೆಂಚಿರಲಿ, ಮದುವೆಮನೆಯ ಊಟದ ಪಂಕ್ತಿಯಿರಲಿ, ಮೊದಲು ಅವರ ಜೇಬಿನಿಂದ ಕರ್ಚೀಫು ಹೊರಬರುತ್ತಿತ್ತು. “ಫಸ್ಟು ಜಾಗ ಹಿಡೀಬೇಕು, ಮಿಕ್ಕಿದ್ದು ಆಮೇಲೆ” ಎನ್ನುತ್ತಿದ್ದರು.

ಇಂಥವರಿಂದ ನಾಲ್ಕು ದಿನ ತಪ್ಪಿಸಿಕೊಳ್ಳಲು ನಾನು ಗೋಕರ್ಣಕ್ಕೆ ಹೊರಟರೆ, “ಒಬ್ರೇ ಹೋಗಿ ಏನ್ಮಾಡ್ತೀರಾ? ನಾನೂ ಬರ್ತೀನಿ” ಎಂದು ಬಂದೇಬಿಟ್ಟರು. ಮಧ್ಯಾಹ್ನದೊಳಗೆ ಏಳುವುದನ್ನೂ ಅವಸರವೆಂದು ಭಾವಿಸುವ ಊರು ಅದು. ಇವರೋ ಊಟವಾದ ಕೂಡಲೇ ತೀರಕ್ಕೆ ಹೋಗಿ, ಖಾಲಿ ಮರಳಿನ ಮೇಲೆ ಕರ್ಚೀಫು ಹಾಸಿ, ಹಾರದಂತೆ ಚಪ್ಪಲಿ ಇಟ್ಟು ಬರಿಗಾಲಲ್ಲಿ ಬಂದರು. ಸೂರ್ಯ ಮುಳುಗುವುದನ್ನು ನೋಡಲು ಸೀಟು!

ಸಂಜೆ ಹೋದರೆ ಅದರ ಮೇಲೆ ಜಡೆಗಟ್ಟಿದ ಕೂದಲಿನ ವಿದೇಶಿಯೊಬ್ಬ ಧ್ಯಾನಕ್ಕೆ ಕೂತಿದ್ದ. ಅಂಕಲ್ ಅವನ ಹೆಗಲು ತಟ್ಟಿ, “ಇಲ್ಲಿ ಜನ ಇದಾರೆ ಸಾರ್” ಎಂದರು. ಸುತ್ತ ಕಣ್ಣು ಹಾಯಿಸಿದಷ್ಟೂ ಮರಳು ಖಾಲಿ ಬಿದ್ದಿತ್ತು. ಪಾಪ, ಅವನು ಕೈಮುಗಿದು ಎದ್ದುಹೋದ.

ಮರುದಿನ ಅವನೂ ತನ್ನ ಲುಂಗಿ ಹಾಸಿಟ್ಟಿದ್ದ. ಮೂರನೆಯ ದಿನ ತೀರದ ತುಂಬ ಟವೆಲ್ಲು, ಚಾಪೆ, ನಡುನಡುವೆ ಸಣ್ಣಪುಟ್ಟ ಜಗಳ. “ನೋಡಿ, ಈಗೊಂದು ಡಿಸಿಪ್ಲಿನ್ ಬಂತು” ಎಂದು ಬೀಗಿದ ಅಂಕಲ್, ನನಗೆಂದೇ ಹಾಸಿದ್ದ ಇನ್ನೊಂದು ಕರ್ಚೀಫಿನ ಮೇಲೆ ನನ್ನನ್ನು ಕೂರಿಸಿ ಟೀ ತರಲು ಹೋದರು.

ನಾನು ಮುಜುಗರದಿಂದಲೇ ಕೂತೆ. ಅಷ್ಟರಲ್ಲಿ ಹುಡುಗಿಯೊಬ್ಬಳು ಅಂಕಲ್ ಜಾಗದಲ್ಲಿ ಕೂರಲು ಬಾಗಿದಳು. ಮುಳುಗುವ ಸೂರ್ಯನಿಂದ ಕಣ್ಣು ಕೀಳದೆ ನಾನು ಅವರ ಕರ್ಚೀಫಿನ ಮೇಲೆ ಅಂಗೈ ಊರಿ ಹೇಳಿದೆ: “ಜನ ಇದಾರೆ ಮೇಡಂ.”