ಹರಿಯದೆ ಉಳಿಸಿಕೊಂಡ ಮಡಿಪಂಚೆ

ಸುಮತಿ, ಮಿಶನ್ನಿನ ಮದ್ದಿನವರು ನಮ್ಮಂಥವರನ್ನು ನೋಡುವುದಿಲ್ಲ ಎಂದು ನಾನು ನಿನಗೆ ಹೇಳಿದ್ದು ಸುಳ್ಳು. ಅವರು ನಮ್ಮ ಸಾಲಿಗೂ ಬರಲಿದ್ದರು. ನಳದ ಹತ್ತಿರ ತಡೆದು ಹಿಂದೆ ಕಳಿಸಿದವನು ನಾನು — ನಿನ್ನ ಅಣ್ಣ.

ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟವನು, ಇಂಥದ್ದನ್ನು ಹೇಗೆ ಹೇಳಬೇಕೆಂದು ತಿಳಿಯದೆ ಇಷ್ಟು ವರ್ಷ ಸುಮ್ಮನಿದ್ದೆ ಎಂದರೆ — ಅದೂ ಸುಳ್ಳೇ. ಹೆದರಿ ಸುಮ್ಮನಿದ್ದೆ.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ಅಪ್ಪ ತೀರಿಕೊಂಡ ಮೇಲೆ ಅಮ್ಮ ನಿನ್ನನ್ನು ಕರೆದುಕೊಂಡು ಉಡುಪಿಯ ಕಡೆಯಿಂದ ಬೊಂಬಾಯಿಗೆ ಬಂದಿದ್ದಳು. ಘಾಟ್ಕೋಪರ್ ಗುಡ್ಡದ ಇಳಿಜಾರಿನ ಜೋಪಡಿಯಲ್ಲಿ ನಾವು ಮೂವರು. ಸ್ಟೇಶನ್ ಹತ್ತಿರದ ಹೋಟೆಲಿನಲ್ಲಿ ಕಪ್ಪುಬಸಿ ತೊಳೆಯುತ್ತಿದ್ದ ನನ್ನನ್ನು ಧಣಿಗಳು ಆಗಷ್ಟೇ ಅಡುಗೆಕೋಣೆಗೆ ಸೇರಿಸಿಕೊಂಡಿದ್ದರು. ಅಲ್ಲಿ ಮಡಿ ಬಹಳ. ಒಗೆದು, ಯಾರೂ ಮುಟ್ಟದ ಹಾಗೆ ಒಣಗಿಸಿದ ಪಂಚೆ ಉಟ್ಟೇ ಒಲೆಯ ಮುಂದೆ ನಿಲ್ಲಬೇಕು. ನನ್ನಲ್ಲಿ ಅಂಥದ್ದು ಇದ್ದದ್ದು ಒಂದೇ. ಜೋಪಡಿಯೊಳಗೆ ಮಾಡಿನ ಕೆಳಗಿನ ಬಿದಿರ ಗಳದ ಮೇಲೆ ಅದನ್ನು ಹರವುತ್ತಿದ್ದೆ.

ಬೆಂಕಿ ಬಿದ್ದ ಮಧ್ಯಾಹ್ನ ನಾನು ಕೆಲಸದಲ್ಲಿದ್ದೆ. ಓಡಿ ಬಂದಾಗ ಕೆಳಗಿನ ಸಾಲುಗಳೆಲ್ಲ ಬೂದಿ, ಮೇಲಿನ ಸಾಲಿನ ನಮ್ಮ ಜೋಪಡಿಗೆ ಅರ್ಧ ಮಾಡು ಇಲ್ಲ. ನೀನು ಹೊರಗೆ ಪಂಚೆಯನ್ನು ಎದೆಗವಚಿಕೊಂಡು ನಿಂತಿದ್ದೆ. ಉರಿಯುವ ಗಳಕ್ಕೆ ಕೈ ಹಾಕಿ ಎಳೆದಿದ್ದೆಯಂತೆ.

"ಅಣ್ಣಾ, ಮುಟ್ಟಿಬಿಟ್ಟೆ. ಇನ್ನೊಮ್ಮೆ ಒಗಿಬೇಕು."

ಹತ್ತು ವರ್ಷದ ಹುಡುಗಿ. ನಿನ್ನ ಅಂಗೈಯ ಚರ್ಮ — ಬೇಡ, ಅದು ನಿನಗೇ ಗೊತ್ತು.

ಮಾರನೆಯ ದಿನ ಮಿಶನ್ನಿನವರು ಬಂದರು. ಒಬ್ಬರು ಬಿಳಿಯ ಪಾದ್ರಿ, ಒಬ್ಬರು ಡಾಕ್ಟರು, ಒಬ್ಬ ನರ್ಸಮ್ಮ. ಕಂಬಳಿ, ಹಾಲಿನ ಪುಡಿ, ಮದ್ದಿನ ಪೆಟ್ಟಿಗೆ. ಅಂದು ಬೆಳಿಗ್ಗೆಯಷ್ಟೇ ಧಣಿಗಳು ಹೋಟೆಲಿನಲ್ಲಿ ಎಲ್ಲರ ಮುಂದೆ ಹೇಳಿದ್ದರು: "ಪಾದ್ರಿಗಳ ಗಂಜಿ ಉಂಡವ ನನ್ನ ಒಲೆ ಮುಟ್ಟುದು ಬೇಡ." ಗಂಜಿ ಎಂದಿದ್ದರು. ಮದ್ದು ಎಂದಿರಲಿಲ್ಲ. ನಾನು ಎರಡನ್ನೂ ಒಂದೇ ಮಾಡಿಕೊಂಡೆ. ನಿನ್ನನ್ನು ಅವರ ಆಸ್ಪತ್ರೆಗೆ ಒಯ್ದರೆ ಅಲ್ಲಿಯೇ ಊಟ, ಊಟದ ಸುದ್ದಿ ಹೋಟೆಲಿಗೆ, ಮತ್ತೆ ನಾನು ಕಪ್ಪುಬಸಿಗೆ, ಇಲ್ಲವೇ ಬೀದಿಗೆ —

ನೀನು ಜ್ವರದಲ್ಲಿ ಮಲಗಿದ್ದೆ. ಅಮ್ಮ ಮಾಡಿಗೆ ತಗಡು ಹುಡುಕಲು ಹೋಗಿದ್ದಳು. ನಾನು ನಳದವರೆಗೆ ಇಳಿದು ಹೋದೆ. ನಮ್ಮೂರ ರಾಗದ ನನ್ನ ಹಿಂದಿ ಕೇಳಿದ್ದೇ ನರ್ಸಮ್ಮನ ಮುಖ ಅರಳಿತು.

"ಊರಿನವರಾ ನೀವು! ನಂದು ಮಂಗಳೂರು ಮಾರಾಯ್ರೆ. ಹಿಂದಿ ಮಾತಾಡಿ ಮಾತಾಡಿ ನಾಲಗೆ ಒಣಗಿತು. ಮೇಲಿನ ಸಾಲಿನಲ್ಲಿ ಸುಟ್ಟವರು ಯಾರಾದ್ರೂ ಉಂಟಾ?"

"ಇಲ್ಲಮ್ಮಾ. ಮೇಲೆ ಯಾರಿಗೂ ಎಂತದೂ ಆಗ್ಲಿಲ್ಲ."

ಆಕೆ ನನ್ನ ಮುಖವನ್ನೇ ನೋಡಿದಳು. "ಕೈ ಸುಟ್ಟಿದ್ರೆ ಬೆರಳಿಗೆ ಬೆರಳು ತಾಗದ ಹಾಗೆ ಒಂದೊಂದಕ್ಕೂ ಬೇರೆ ಶುದ್ಧ ಬಟ್ಟೆ ಸುತ್ತಬೇಕು. ಇಲ್ಲದಿದ್ರೆ ಅಂಟಿಕೊಳ್ತದೆ. ಯಾರಾದ್ರೂ ಇದ್ರೆ ಹೇಳಿ, ಆಯ್ತಾ?"

ಹೇಳಲಿಲ್ಲ. ಬೆರಳುಗಳನ್ನು ಬೇರೆ ಬೇರೆ ಸುತ್ತುವುದನ್ನಾದರೂ ಮಾಡಬಹುದಿತ್ತು, ಸುಮತಿ. ನಮ್ಮಲ್ಲಿ ಶುದ್ಧ ಬಟ್ಟೆ ಎಂದಿದ್ದದ್ದು ಆ ಪಂಚೆ ಒಂದೇ. ಅದನ್ನು ಹರಿಯಲು ಮನಸ್ಸು ಬರಲಿಲ್ಲ. ಇನ್ನೊಮ್ಮೆ ಒಗೆದು, ಒಣಗಿಸಿ, ಉಟ್ಟುಕೊಂಡು ಕೆಲಸಕ್ಕೆ ಹೋದೆ. ನಿನ್ನ ಕೈಯನ್ನು ಅಮ್ಮನ ಹಳೆಯ ಸೀರೆಯ ತುಂಡಿನಲ್ಲಿ ಮುಷ್ಟಿಯಾಗಿಯೇ ಕಟ್ಟಿದ್ದೆವು. ಬಿಚ್ಚಲು ಹೋದರೆ ನೀನು ಕಿರುಚುತ್ತಿದ್ದೆ. ನಾಲ್ಕು ಜನರಿಗೆ ಕೇಳೀತೆಂದು ನಾನು ಮತ್ತೆ ಕಟ್ಟಿಬಿಡುತ್ತಿದ್ದೆ.

"ಮದ್ದಿನವರು ಬಂದ್ರಾ ಅಣ್ಣಾ?" ಎಂದು ನೀನು ಕೇಳಿದೆ.

"ಬಂದಿದ್ರು. ನಮ್ಮಂಥವರನ್ನು ಅವರು ನೋಡುದಿಲ್ಲಂತೆ."

ಅಮ್ಮನಿಗೂ ಅದನ್ನೇ ಹೇಳಿದೆ. ಅದನ್ನೇ ನಂಬಿಕೊಂಡು ಅಮ್ಮ ಹೋದಳು.

ಕೆಲವು ತಿಂಗಳ ಮೇಲೆ ಹೋಟೆಲಿನ ಹಿಂಬಾಗಿಲಲ್ಲಿ, ಬೆರಳು ಅಂಟಿ ಮುಷ್ಟಿಯಾಗಿಯೇ ಉಳಿದ ನಿನ್ನ ಕೈ ನೋಡಿ ಧಣಿಗಳು ನನಗೆ ಬೈದರು: "ಮಿಶನ್ ಆಸ್ಪತ್ರೆಗೆ ಕರಕೊಂಡು ಹೋಗ್ಲಿಕ್ಕೆ ನಿಂಗೆ ಎಂತ ಧಾಡಿ? ಮದ್ದಿಗೂ ಮಡಿಯಾ? ನನ್ನ ಅಮ್ಮನ ಕಣ್ಣಿನ ಪೊರೆ ತೆಗೆದದ್ದು ಅವರೇ ಅಲ್ವನಾ!" ನಾನು ತಲೆ ತಗ್ಗಿಸಿ ಸಾಂಬಾರು ಕದಡುತ್ತಿದ್ದೆ. ಉಟ್ಟದ್ದು ಅದೇ ಪಂಚೆ.

ಈ ಕ್ರಿಸ್ಮಸ್ಸಿಗೆ ನಾವೀಗ ಇರುವ ವಿಕ್ರೋಳಿಯಲ್ಲಿ ಪಕ್ಕದ ಮನೆಯ ಕ್ರಿಶ್ಚಿಯನ್ ಹೆಂಗಸು ತಿಂಡಿಯ ತಟ್ಟೆ ತಂದರು. ನೀನು ಆ ಮುಷ್ಟಿಯಿಂದಲೇ ತಟ್ಟೆಯನ್ನು ಅವರ ಕಡೆಗೆ ತಳ್ಳಿದೆ. "ನಮ್ಮನ್ನು ಮನುಷ್ಯರು ಅಂತ ಕಾಣದವರ ತಿಂಡಿ ನಮಗೆಂತಕ್ಕೆ?" ಅವರು ಏನೂ ತಿಳಿಯದೆ ಸುಮ್ಮನೆ ನಕ್ಕು, ತಟ್ಟೆ ಮುಚ್ಚಿಕೊಂಡು ಹೋದರು. ನಾನು ಅಲ್ಲೇ ಕುಳಿತಿದ್ದೆ.

ನಾಳೆ ನೀನು ಚಾ ತಂದಿಡುವ ಮೊದಲೇ ಇದನ್ನೆಲ್ಲ ಹೇಳುತ್ತೇನೆ. ಕೇಳಿದ ಮೇಲೆ ನನಗೆ ಚಾ ಕೊಡುವುದೂ ಬಿಡುವುದೂ ನಿನಗೆ ಬಿಟ್ಟದ್ದು. ಆಮೇಲೆ ಪಕ್ಕದ ಮನೆಯ ಬಾಗಿಲಿಗೂ ಹೋಗುತ್ತೇನೆ. ಆದರೆ ಆ ನಳದ ಹತ್ತಿರ ನರ್ಸಮ್ಮನಿಗೆ ಹೇಳಬೇಕಾಗಿದ್ದ ಮಾತು — ಅದನ್ನು ಇನ್ನು ಯಾರಿಗೆ ಹೇಳಲಿ?

ಇದ್ದಾಳೆ ಅಮ್ಮಾ. ಮೇಲಿನ ಸಾಲಿನಲ್ಲಿ ನನ್ನ ತಂಗಿ ಇದ್ದಾಳೆ.